ಬಾಣಂತಿಯ ಗದ್ದಕ್ಕೆ ಲೇಸರ್ ಯಾವಾಗ?

ಹೆರಿಗೆಯಾಗಿ ಮೂರು ತಿಂಗಳಾಗುವ ಹೊತ್ತಿಗೆ ಬಾಣಂತಿಯ ಹಣಿಗೆಯ ತುಂಬ ಕೂದಲು. ಎಣ್ಣೆ-ನೀರು ಹಾಕಿದ ದಿನವಂತೂ ಬಚ್ಚಲಲ್ಲಿ ಮುದ್ದೆಮುದ್ದೆ. ಆದರೆ ಬಸಿರಿನಲ್ಲಿ ಗದ್ದದ ಮೇಲೆ, ಮೇಲ್ದುಟಿಯ ಮೇಲೆ, ಹೊಕ್ಕುಳ ಕೆಳಗೆ ಮೂಡಿದ ಕರಿ ಕೂದಲು ಅಲ್ಲಲ್ಲೇ ಇರುತ್ತದೆ. ಬೇಕಾದದ್ದು ಹೋಗುತ್ತಿದೆ, ಬೇಡವಾದದ್ದು ಉಳಿದಿದೆ. ಬೆಳಗಾವಿಯ ಮಹಾಂತೇಶ ನಗರಕ್ಕೆ ಬಾಣಂತನಕ್ಕೆಂದು ಬಂದ ಮಗಳು ಇದನ್ನು ಬಾಯಿಬಿಟ್ಟು ಹೇಳಿದರೆ, "ಮಾರಿದೇನ ಚಿಂತಿ, ಮೊದಲ ಕೂಸಿನ ನೋಡ್ಕೋ" ಎಂಬ ಮಾತು ಬರುತ್ತದೆ. ಅದರಲ್ಲಿ ಅಕ್ಕರೆ ಇದೆ, ಅವಳ ಪ್ರಶ್ನೆಗೆ ಉತ್ತರವಿಲ್ಲ. ಆಗ ಆಕೆ ಮೊಬೈಲಿನಲ್ಲಿ ಲೇಸರ್ ಜಾಹೀರಾತು ನೋಡತೊಡಗುತ್ತಾಳೆ.

ಪ್ರತಿ ಕೂದಲಿಗೂ ಬೆಳೆಯುವ ಕಾಲ, ವಿಶ್ರಾಂತಿಯ ಕಾಲ, ಉದುರುವ ಕಾಲ ಎಂದು ಬೇರೆ ಬೇರೆ ಹಂತಗಳಿವೆ. ಬಸಿರಿನಲ್ಲಿ ಈಸ್ಟ್ರೋಜನ್ ಏರಿದಾಗ ತಲೆಗೂದಲು ಬೆಳೆಯುವ ಹಂತದಲ್ಲೇ ಹೆಚ್ಚು ಕಾಲ ನಿಲ್ಲುತ್ತದೆ. ಅದಕ್ಕೇ ಬಸುರಿಯ ಜಡೆ ದಪ್ಪ. ಹೆರಿಗೆಯಾದ ಮೇಲೆ ಹಾರ್ಮೋನು ಥಟ್ಟನೆ ಇಳಿಯುತ್ತದೆ. ಅಷ್ಟು ದಿನ ಉದುರದೆ ನಿಂತ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡರಿಂದ ನಾಲ್ಕು ತಿಂಗಳ ನಂತರ ಒಟ್ಟಿಗೆ ಉದುರುತ್ತದೆ. ವರ್ಷದೊಳಗೆ ಬಹುತೇಕ ಹೆಂಗಸರಿಗೆ ಮತ್ತೆ ತುಂಬಿಕೊಳ್ಳುತ್ತದೆ. ಬಸಿರಿನಲ್ಲಿ ಮುಖದ ಮೇಲೆ, ಹೊಟ್ಟೆಯ ಮೇಲೆ ಹೊಸದಾಗಿ ಬಂದ ಕೂದಲೂ ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ತಾನೇ ಹೋಗಲಿರುವ ಕೂದಲಿಗೆ ಸಾವಿರಗಟ್ಟಲೆ ರೂಪಾಯಿ ಸುರಿಯುವುದು ಯಾಕೆ? ಹೆರಿಗೆಯಾದ ಆರು ತಿಂಗಳೊಳಗೆ ಲೇಸರ್ ಬೇಡ ಎಂದು ನಾನು ಹೇಳುವುದಕ್ಕೆ ಇದೇ ಮೊದಲ ಕಾರಣ.

ಲೇಸರ್ ಕೆಲಸ ಮಾಡುವ ರೀತಿಯಲ್ಲೇ ಎರಡನೆಯ ಕಾರಣವಿದೆ. ಬಿಸಿಲಲ್ಲಿ ಕರಿ ಕಂಬಳಿಯನ್ನೂ ಬಿಳಿ ಪಂಚೆಯನ್ನೂ ಹರವಿದರೆ ಕಂಬಳಿಯೇ ಬೇಗ ಕಾಯುತ್ತದೆ. ಹಾಗೆಯೇ ಕೂದಲಿನಲ್ಲಿರುವ ಕಪ್ಪು ಬಣ್ಣದ ಮೆಲನಿನ್ ಬೆಳಕನ್ನು ಹೀರಿ ಕಾಯುತ್ತದೆ, ಆ ಶಾಖಕ್ಕೆ ಬೇರಿನ ಕೋಶಗಳು ಸಾಯುತ್ತವೆ. ಸುತ್ತಲಿನ ಚರ್ಮಕ್ಕೆ ಶಾಖ ಹರಡುವ ಮೊದಲೇ ಬೆಳಕಿನ ಮಿಡಿತ ಮುಗಿದಿರಬೇಕು. ಈ ತತ್ವವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಸಂಶೋಧಕರು ವಿವರಿಸಿದರು. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಈ ಪೆಟ್ಟು ಸರಿಯಾಗಿ ತಗಲುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರೆಂಟು ಸಲ ಮಾಡಬೇಕಾಗುವುದು ಅದಕ್ಕೇ. ಹಾರ್ಮೋನು ಇನ್ನೂ ಹೊಯ್ದಾಡುತ್ತಿರುವಾಗ ಶುರುಮಾಡಿದರೆ, ಹೋದ ಕೂದಲು ಲೇಸರಿನಿಂದ ಹೋಯಿತೋ ತಾನಾಗಿ ಹೋಯಿತೋ ಹೇಳಲಾಗುವುದಿಲ್ಲ.

ಮೆಲನಿನ್ ಕೂದಲಿನಲ್ಲಷ್ಟೇ ಅಲ್ಲ, ನಮ್ಮ ಚರ್ಮದಲ್ಲೂ ಧಾರಾಳವಾಗಿದೆ. ಬಸಿರಿನಲ್ಲಿ ಕೆನ್ನೆಗೆ ಬಂಗು ಬಂದವರಲ್ಲಿ ಇನ್ನೂ ಹೆಚ್ಚು. ಯಂತ್ರದ ಆಯ್ಕೆ ತಪ್ಪಿದರೆ ಸುಟ್ಟ ಗಾಯ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿ ಚರ್ಮಕ್ಕೆ ಹೊಂದುತ್ತದೆ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ, ಏಕೆಂದರೆ ಆ ಬೆಳಕನ್ನು ಚರ್ಮದ ಮೇಲ್ಪದರದ ಮೆಲನಿನ್ ಕಡಿಮೆ ಹೀರುತ್ತದೆ. ಕೆಲವರಿಗೆ, ಅದರಲ್ಲೂ ಗದ್ದ-ಕುತ್ತಿಗೆಯ ಮೇಲೆ, ಲೇಸರಿನ ನಂತರ ಕೂದಲು ಹೆಚ್ಚುವುದೂ ಉಂಟು. ಜಾಹೀರಾತಿನವರು ಇದನ್ನು ಹೇಳುವುದಿಲ್ಲ, ಹೇಳಬೇಕು. ಬಿಸಿಲಿನ ಲೆಕ್ಕವೂ ಇದೆ: ಖಾನಾಪುರದ ಗದ್ದೆಯಲ್ಲಿ ದುಡಿಯುವ ಹೆಂಗಸಿನ ಮುಖ ಬೇಸಿಗೆಯಲ್ಲಿ ಕಂದಿರುತ್ತದೆ. ಕಂದಿದ ಚರ್ಮಕ್ಕೆ ಲೇಸರ್ ಹಾಕಬಾರದು.

ಲೇಸರಿನಿಂದ ಎದೆಹಾಲಿಗೆ ತೊಂದರೆಯೇ ಎಂಬ ಚಿಂತೆಗೆ ನೇರ ಉತ್ತರ ಕೊಡಬಹುದು. ಈ ಬೆಳಕು ಚರ್ಮದಲ್ಲಿ ಕೆಲವೇ ಮಿಲಿಮೀಟರ್ ಇಳಿಯುತ್ತದೆ, ಹಾಲಿಗೆ ಸೇರುವುದಿಲ್ಲ. ಎದೆಯ ಭಾಗಕ್ಕೆ ಮಾತ್ರ ಹಾಲೂಡಿಸುವಾಗ ಬೇಡ. ನಿಜವಾದ ಅಪಾಯ ನೋವು ತಿಳಿಯದಂತೆ ಹಚ್ಚುವ ಮರಗಟ್ಟಿಸುವ ಕ್ರೀಮಿನದು. ಕಾಲುಗಳಿಗೆ ಅದನ್ನು ಬಳಿದು, ಪ್ಲಾಸ್ಟಿಕ್ ಸುತ್ತಿಕೊಂಡು ಲೇಸರಿಗೆ ಹೊರಟಿದ್ದ ಇಬ್ಬರು ಯುವತಿಯರು ಅಮೆರಿಕದಲ್ಲಿ ಸತ್ತರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಈ ಬಗ್ಗೆ ಎಚ್ಚರಿಸಿತು. ಕೂಸಿಗೆ ಹಾಲು ಕೊಡುವವಳು ವೈದ್ಯರನ್ನು ಕೇಳದೆ ಆ ಕ್ರೀಮನ್ನು ಮುಟ್ಟಲೇಬಾರದು.

ಆರು ತಿಂಗಳು ಕಳೆದರೂ ಗದ್ದದ ಕೂದಲು ಹೋಗದಿದ್ದರೆ? ಆಗ ಮೊದಲು ಹೋಗಬೇಕಾದದ್ದು ಪಾರ್ಲರಿಗಲ್ಲ, ವೈದ್ಯರ ಬಳಿಗೆ. ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದ್ದರೆ ಗಂಡು ಹಾರ್ಮೋನು ಹೊಸ ಹೊಸ ಬೇರುಗಳನ್ನು ಎಬ್ಬಿಸುತ್ತಲೇ ಇರುತ್ತದೆ, ಲೇಸರ್ ಸುಡುತ್ತಲೇ ಇರಬೇಕಾಗುತ್ತದೆ. ಮುಟ್ಟಿನ ಏರುಪೇರು ಆ ತೊಂದರೆಯ ಮುಖ್ಯ ಗುರುತು. ಆದರೆ ಹಾಲೂಡಿಸುವಾಗ ಹಲವರಿಗೆ ಮುಟ್ಟು ಸಹಜವಾಗಿಯೇ ನಿಂತಿರುವುದರಿಂದ ಆ ಗುರುತು ಮರೆಯಾಗುತ್ತದೆ. ಹಾಗಾಗಿ ಬಸಿರಿಗೆ ಮೊದಲು ಮುಟ್ಟು ಹೇಗಿತ್ತೆಂದು ವೈದ್ಯರಿಗೆ ಹೇಳಬೇಕು. ದನಿ ಗಡಸಾದರೆ, ಕೂದಲು ಕೆಲವೇ ವಾರಗಳಲ್ಲಿ ದಟ್ಟವಾಗಿ ಹಬ್ಬಿದರೆ ಆರು ತಿಂಗಳು ಕಾಯಬಾರದು, ಕೂಡಲೇ ತೋರಿಸಬೇಕು.

ತಲೆಗೂದಲು ವರ್ಷವಾದರೂ ನಿಲ್ಲದೆ ಉದುರಿದರೆ ರಕ್ತದಲ್ಲಿ ಕಬ್ಬಿಣದ ಅಂಶ, ಥೈರಾಯ್ಡ್ ಎರಡನ್ನೂ ನೋಡಿಸಬೇಕು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿದ್ದರೆ ಕಬ್ಬಿಣ ಕೊರತೆಯಾಗುತ್ತದೆ, ಕೂದಲು ಅದನ್ನು ತೋರಿಸಿಕೊಡುತ್ತದೆ. ಈ ರಕ್ತಸ್ರಾವದ ವಿಷಯದಲ್ಲಿ ಬೆಳಗಾವಿ ಜಗತ್ತಿಗೇ ದಾರಿ ತೋರಿಸಿದ ಊರು. ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ವಿದೇಶಿ ಸಂಶೋಧಕರ ಜತೆ ಸೇರಿ, ಜಿಲ್ಲೆಯ ಹಳ್ಳಿಗಳ 1620 ಹೆಂಗಸರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಸಿದರು. ಮಾತ್ರೆ ಕೊಟ್ಟವರು ಹಳ್ಳಿಯ ದಾದಿಯರು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು, 2006ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಣಂತಿಯ ಜೀವಕ್ಕೆ ಇಷ್ಟು ಕಾಳಜಿ ತೋರಿದ ಊರಿನಲ್ಲಿ ಅವಳ ಮುಖದ ಸಂಕಟವನ್ನು ಸೋಗು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕನ್ನಡಿ ನೋಡಲು ಹಿಂಜರಿಯುವ ತಾಯಿಯ ನೋವೂ ನೋವೇ.

ನೆಹರು ನಗರದ ಕೆ.ಎಲ್.ಇ. ಆಸ್ಪತ್ರೆಯಲ್ಲೂ ಸರ್ಕಾರಿ ಆಸ್ಪತ್ರೆಯಾದ ಬಿಮ್ಸ್‌ನಲ್ಲೂ ಚರ್ಮರೋಗ ವಿಭಾಗವಿದೆ. ಖಾಸಗಿ ಕ್ಲಿನಿಕ್ಕಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿರಬೇಕು, ನೋಂದಣಿ ಪತ್ರ ಕೇಳಿ ನೋಡಬಹುದು. ಯಾವ ಲೇಸರ್, ಯಾರು ಹಿಡಿಯುತ್ತಾರೆ, ಮೊದಲು ಕಿವಿಯ ಹಿಂದೆ ಒಂದು ಚಿಕ್ಕ ಜಾಗದಲ್ಲಿ ಹಾಕಿ ನೋಡುತ್ತಾರೆಯೇ ಎಂದೂ ಕೇಳಬೇಕು. ಲೇಸರ್ ಶುರುವಾಗುವವರೆಗೆ ಥ್ರೆಡ್ಡಿಂಗ್, ಚಿಮಟ ನಡೆಯುತ್ತದೆ. ಆದರೆ ಲೇಸರಿಗೆ ಮುಂಚಿನ ವಾರಗಳಲ್ಲಿ ಅವೆರಡನ್ನೂ ನಿಲ್ಲಿಸಬೇಕು, ಬೇರೇ ಇಲ್ಲದಿದ್ದರೆ ಬೆಳಕಿಗೆ ಗುರಿಯಿಲ್ಲ. ಬ್ಲೇಡಿನಿಂದ ತೆಗೆಯಬಹುದು, ಹಾಗೆ ತೆಗೆದರೆ ಕೂದಲು ದಪ್ಪಗಾಗುತ್ತದೆ ಎನ್ನುವುದು ಸುಳ್ಳು.

ಖಾನಾಪುರದಿಂದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಬರುವವರು ಜತೆಗೆ ಇನ್ನೊಬ್ಬರನ್ನು ಕರೆತರಬೇಕು. ಲೇಸರಿನ ಬೆಳಕು ಕಣ್ಣಿನ ಅಕ್ಷಿಪಟಲವನ್ನು (ರೆಟಿನಾ) ಶಾಶ್ವತವಾಗಿ ಸುಡಬಲ್ಲದು. ತಾಯಿಗೂ ವೈದ್ಯರಿಗೂ ಕಣ್ಣಿಗೆ ರಕ್ಷಣೆ ಇರುತ್ತದೆ, ಮಡಿಲ ಕೂಸಿಗೆ ಇರುವುದಿಲ್ಲ. ಅದು ನಿದ್ದೆಯಲ್ಲಿದ್ದರೂ ಅಜ್ಜಿಯ ಜತೆ ಕೋಣೆಯ ಹೊರಗೇ ಇರಬೇಕು.