ಬೆಣಚು ಕಲ್ಲಿನ 573ನೇ ಡಿಗ್ರಿ

ಸಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂಥ ಬಯಲುಸೀಮೆಯ ಊರುಗಳಲ್ಲಿ ಬೆಳೆದ ಮಕ್ಕಳಿಗೆ ಬೆಣಚು ಕಲ್ಲು ಹೊಸತಲ್ಲ. ಕತ್ತಲಲ್ಲಿ ಎರಡು ಬಿಳಿ ಕಲ್ಲುಗಳನ್ನು ಉಜ್ಜಿ ಬೆಳಕು ಬರಿಸುವ ಆಟ ಅವರಿಗೆ ಗೊತ್ತು. ಅದೇ ಕಲ್ಲನ್ನು ಒಲೆಗೆ ಹಾಕಹೋದರೆ, ಸಿಡಿದು ಕಣ್ಣಿಗೆ ಬಿದ್ದೀತೆಂದು ಹಿರಿಯರು ಗದರುತ್ತಾರೆ. ಗದರುವುದು ಸರಿಯೇ.

ಬೆಣಚು ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಹರಳು, ಪಠ್ಯಪುಸ್ತಕದ ಕ್ವಾರ್ಟ್ಜ್. ಕಾಯಿಸುತ್ತ ಹೋದಂತೆ ಅದು ಹಿಗ್ಗುತ್ತದೆ. 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಒಳರಚನೆಯೇ ಬದಲಾಗುತ್ತದೆ. ಕಲ್ಲು ಕರಗುವುದಿಲ್ಲ, ಪರಮಾಣುಗಳ ಬಂಧ ಹರಿಯುವುದೂ ಇಲ್ಲ. ಅವು ನಿಂತಲ್ಲೇ ತುಸು ಹೊರಳಿ ಹೊಸ ಜೋಡಣೆಗೆ ಬರುತ್ತವೆ, ಅಷ್ಟೆ. 1889ರಲ್ಲಿ ಇದನ್ನು ಗುರುತಿಸಿದವನು, ಪಿಯುಸಿ ರಸಾಯನಶಾಸ್ತ್ರದಲ್ಲಿ ಬರುವ ಅದೇ ಲೆ ಶಾಟೆಲಿಯರ್.

ಕುಂಬಾರರ ಆವಿಗೆಯೂ ಈ ಗಡಿ ದಾಟುತ್ತದೆ. ಮಣ್ಣಿನಲ್ಲಿರುವ ಮರಳು ಬಹುಮಟ್ಟಿಗೆ ಬೆಣಚೇ ತಾನೆ? ಆರುವಾಗ 573ರ ಬಳಿ ಆ ಕಣಗಳು ಥಟ್ಟನೆ ಕುಗ್ಗುತ್ತವೆ. ಅವಸರಪಟ್ಟು ಆವಿಗೆ ಬಿಚ್ಚಿದರೆ ಮಡಕೆ ಬಿರುಕು ಬಿಡಲು ಇದೂ ಒಂದು ಕಾರಣ.

ಹರಳು ತಣಿಯುವಾಗ ಇನ್ನೊಂದು ಸ್ವಾರಸ್ಯವಿದೆ. ಶಾಲೆಯ ಮೈದಾನದಲ್ಲಿ ಡ್ರಿಲ್ ಮೇಷ್ಟ್ರು ಎಡವೋ ಬಲವೋ ಹೇಳದೆ ಬರೀ ‘ತಿರುಗು’ ಎಂದರೆ ಏನಾದೀತು? ಒಂದು ಗುಂಪು ಎಡಕ್ಕೆ, ಇನ್ನೊಂದು ಬಲಕ್ಕೆ! ಪರಮಾಣುಗಳ ಪಾಡೂ ಅದೇ. ಮರಳಿ ಹೊರಳಲು ಅವಕ್ಕೆ ಸರಿಸಮನಾದ ಎರಡು ದಿಕ್ಕುಗಳಿವೆ. ಹೀಗೆ ಒಂದೇ ಹರಳಿನೊಳಗೆ ಎರಡು ಬಗೆಯ ವಲಯಗಳಾಗುತ್ತವೆ. ಹೊರಗಿನಿಂದ ನೋಡಿದರೆ ಗುರುತೇ ಸಿಗದು.

ಗಡಿಯಾರದವರಿಗೆ ಮಾತ್ರ ಇದು ತಲೆನೋವು. ಬೆಣಚನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸೋದರರು 1880ರಲ್ಲೇ ತೋರಿಸಿದ್ದರು. ವಿದ್ಯುತ್ ಕೊಟ್ಟರೆ ಅದು ಮಿಡಿಯುತ್ತದೆ. ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿ ನೋಡಿ. 2016ರಲ್ಲಿ ಮುಚ್ಚಿದ ತುಮಕೂರಿನ ಎಚ್.ಎಂ.ಟಿ. ಕಾರ್ಖಾನೆಯ ಕ್ವಾರ್ಟ್ಜ್ ಗಡಿಯಾರಗಳ ಜೀವಾಳವೂ ಇಂಥ ಹರಳೇ. ಆದರೆ ಎಡ ವಲಯ ಹಿಗ್ಗುವಾಗ ಬಲ ವಲಯ ಕುಗ್ಗುತ್ತದೆ. ಎರಡೂ ಇದ್ದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ನೆಲದಲ್ಲಿ ಸಿಗುವ ಹರಳುಗಳಲ್ಲಿ ಇಂಥ ವಲಯಗಳು ಸಾಮಾನ್ಯ. ಬೆಳೆಯುವಾಗಲೋ, ಒತ್ತಡಕ್ಕೆ ಸಿಕ್ಕಾಗಲೋ ಅವು ಮೂಡುವುದುಂಟು. ಅದಕ್ಕೇ ಗಡಿಯಾರದ ಹರಳನ್ನು ಕಾರ್ಖಾನೆಯಲ್ಲೇ ಬೆಳೆಸುತ್ತಾರೆ: ದಪ್ಪ ಉಕ್ಕಿನ ಪಾತ್ರೆ, ಭಾರಿ ಒತ್ತಡದ ಕ್ಷಾರದ ನೀರು, ವಾರಗಟ್ಟಲೆ ಕಾಯುವಿಕೆ. ಶಾಖ ಸುಮಾರು 350 ಡಿಗ್ರಿ. 573ರ ಹತ್ತಿರಕ್ಕೂ ಬಿಡುವುದಿಲ್ಲ.