ಡೆಕ್ ನಿರ್ಮಾಣ ಗುತ್ತಿಗೆ

ಡೆಕ್ ಎಂಬುದು ಮನೆಯ ಹೊರಗೋಡೆಗೆ ಹೊಂದಿಕೊಂಡು, ನೆಲಮಟ್ಟದಿಂದ ಮೇಲೆ, ಕಂಬಗಳ ಆಧಾರದಲ್ಲಿ ನಿಲ್ಲುವ ತೆರೆದ ಹಲಗೆಯ ಅಟ್ಟಣೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಮರದ ಚೌಕಟ್ಟಿನ ಮನೆಗಳ ಹಿತ್ತಿಲ ಬದಿಯಲ್ಲಿ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ಕರ್ನಾಟಕದ ಹಳೆಯ ಮನೆಗಳ ಜಗಲಿಯಂತೆ ಇದೂ ಕುಳಿತುಕೊಳ್ಳಲು ಮತ್ತು ನೆಂಟರಿಷ್ಟರು ಸೇರಲು ಬಳಕೆಯಾಗುವ ಸ್ಥಳ. ಆದರೆ ಜಗಲಿಯು ಸೂರಿನ ಕೆಳಗೆ, ಮನೆಯ ಅಡಿಪಾಯದ ಮೇಲೆಯೇ ಇರುತ್ತದೆ. ಡೆಕ್ ಮಳೆ, ಹಿಮ ಮತ್ತು ಬಿಸಿಲಿಗೆ ತೆರೆದುಕೊಂಡಿರುತ್ತದೆ.

ಅಮೆರಿಕದಲ್ಲಿ ಡೆಕ್ ಕಟ್ಟಿಸುವವರು ಸಾಮಾನ್ಯವಾಗಿ ಎರಡು ಬಗೆಯ ಗುತ್ತಿಗೆದಾರರಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತಾರೆ: ಡೆಕ್ ನಿರ್ಮಾಣವನ್ನೇ ವೃತ್ತಿಯಾಗಿಸಿಕೊಂಡ ಪರಿಣತರು, ಅಥವಾ ಅಡುಗೆಮನೆ, ಸ್ನಾನಗೃಹ, ಹೆಚ್ಚುವರಿ ಕೋಣೆ ಮುಂತಾದ ಎಲ್ಲ ಬಗೆಯ ಕೆಲಸಗಳನ್ನು ವಹಿಸಿಕೊಳ್ಳುವ ಸಾಮಾನ್ಯ ನವೀಕರಣ ಗುತ್ತಿಗೆದಾರರು. ಕೆಲಸದ ವ್ಯಾಪ್ತಿ, ಡೆಕ್ಕನ್ನು ಮನೆಗೆ ಜೋಡಿಸುವ ಬಗೆ ಮತ್ತು ಆ ಜೋಡಣೆಯನ್ನು ವಾಸ್ತವವಾಗಿ ಯಾರು ಮಾಡುತ್ತಾರೆ ಎಂಬುದು ಈ ಆಯ್ಕೆಯಲ್ಲಿ ನಿರ್ಣಾಯಕವಾಗಿವೆ.

## ರಚನೆ ಮತ್ತು ದುರ್ಬಲ ಸ್ಥಾನಗಳು

ಡೆಕ್ಕಿನ ಮೇಲ್ಭಾಗದ ಹಲಗೆಗಳನ್ನು ಜಂತೆಗಳು ಹೊರುತ್ತವೆ. ಜಂತೆಗಳ ಒಂದು ತುದಿ ತೊಲೆ ಮತ್ತು ಕಂಬಗಳ ಮೇಲೆ ನಿಂತರೆ, ಇನ್ನೊಂದು ತುದಿ ಮನೆಯ ಗೋಡೆಗೆ ಬಿಗಿದ ಉದ್ದನೆಯ ಹಲಗೆಗೆ ಸೇರುತ್ತದೆ. ಈ ಹಲಗೆಯನ್ನು ಲೆಡ್ಜರ್ ಎಂದು ಕರೆಯುತ್ತಾರೆ. ಡೆಕ್ಕಿನ ಸುಮಾರು ಅರ್ಧದಷ್ಟು ಭಾರ ಲೆಡ್ಜರಿನ ಮೂಲಕವೇ ಮನೆಗೆ ವರ್ಗಾವಣೆಯಾಗುತ್ತದೆ. ಇದನ್ನು ಬರಿಯ ಮೊಳೆಗಳಿಂದ ಬಿಗಿದರೆ ಕಾಲಕ್ರಮೇಣ ಮೊಳೆಗಳು ಕಳಚಿಕೊಳ್ಳುವ ಅಪಾಯವಿರುವುದರಿಂದ, ಬೋಲ್ಟ್ ಅಥವಾ ನಿಗದಿತ ಅಳತೆಯ ದಪ್ಪ ಸ್ಕ್ರೂಗಳನ್ನು ಬಳಸಬೇಕಾಗುತ್ತದೆ. ಲೆಡ್ಜರಿನ ಮೇಲಂಚಿನಲ್ಲಿ ನೀರನ್ನು ಹೊರಕ್ಕೆ ಹರಿಸುವ ತಗಡನ್ನು ಕೂರಿಸದಿದ್ದರೆ ಮಳೆನೀರು ಗೋಡೆಯೊಳಗೆ ಇಳಿದು, ಲೆಡ್ಜರಿನ ಹಿಂದಿರುವ ಮನೆಯ ಮರವನ್ನೇ ಕೊಳೆಸುತ್ತದೆ. ಹೊರಗಿನಿಂದ ಡೆಕ್ ಸುಸ್ಥಿತಿಯಲ್ಲಿರುವಂತೆ ಕಂಡರೂ ಒಳಗೆ ಹಿಡಿತ ಸಡಿಲವಾಗಿರಬಹುದು.

ಗೋಡೆಯ ಹೊರಮೈಗೆ ಅಲಂಕಾರಕ್ಕಾಗಿ ಇಟ್ಟಿಗೆ ಅಥವಾ ಕಲ್ಲಿನ ಹೊದಿಕೆ ಇದ್ದಲ್ಲಿ, ಆ ಹೊದಿಕೆಯ ಆಧಾರದ ಮೇಲೆ ಲೆಡ್ಜರನ್ನು ನಿಲ್ಲಿಸುವಂತಿಲ್ಲ. ಅಂತಹ ಕಡೆ ಮನೆಯ ಬದಿಯಲ್ಲಿಯೂ ಕಂಬಗಳ ಸಾಲನ್ನು ನಿಲ್ಲಿಸಿ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಡೆಕ್ ಕಟ್ಟುವುದು ರೂಢಿ.

ಮರದ ಸಂರಕ್ಷಣೆಗೆ ಬಳಸುವ ರಾಸಾಯನಿಕಗಳೂ ಬದಲಾಗಿವೆ. ಆರ್ಸೆನಿಕ್ ಒಳಗೊಂಡ ಸಂರಕ್ಷಕದ ಬಳಕೆಯನ್ನು ಅಮೆರಿಕದ ಉದ್ಯಮವು 2003ರ ಕೊನೆಗೆ ವಾಸದ ಮನೆಗಳ ಹೆಚ್ಚಿನ ಕೆಲಸಗಳಲ್ಲಿ ನಿಲ್ಲಿಸಿತು. ಅದರ ಬದಲಿಗೆ ಬಂದ, ತಾಮ್ರದ ಅಂಶ ಹೆಚ್ಚಿರುವ ಸಂರಕ್ಷಕಗಳು ಸಾಧಾರಣ ಉಕ್ಕನ್ನು ಬೇಗ ತುಕ್ಕು ಹಿಡಿಸುತ್ತವೆ. ಆದ್ದರಿಂದ ದಪ್ಪ ಸತುಲೇಪನವಿರುವ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಮತ್ತು ಜಂತೆ ಹಿಡಿಕೆಗಳು ಅವಶ್ಯಕ.

## ನಿಯಮಾವಳಿ

ಅಮೆರಿಕದ ಹಲವು ರಾಜ್ಯಗಳು ಮತ್ತು ನಗರಗಳು ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬ ಮಾದರಿ ಸಂಹಿತೆಯನ್ನು ತಮ್ಮ ತಿದ್ದುಪಡಿಗಳೊಂದಿಗೆ ಅಳವಡಿಸಿಕೊಂಡಿವೆ. ಇದರ ಪ್ರಕಾರ:

* ಡೆಕ್ಕಿನ ಮೇಲ್ಮೈ ನೆಲದಿಂದ 30 ಅಂಗುಲಕ್ಕಿಂತ (ಸುಮಾರು 76 ಸೆಂ.ಮೀ.) ಎತ್ತರದಲ್ಲಿದ್ದರೆ ರೇಲಿಂಗ್ ಕಡ್ಡಾಯ, ಅದರ ಎತ್ತರ ಕನಿಷ್ಠ 36 ಅಂಗುಲ ಇರಬೇಕು.
* ರೇಲಿಂಗಿನ ಕಂಬಿಗಳ ನಡುವೆ 4 ಅಂಗುಲ ವ್ಯಾಸದ ಗೋಳ ತೂರುವಂತಿರಬಾರದು. ಮಕ್ಕಳ ಸುರಕ್ಷತೆ ಇದರ ಉದ್ದೇಶ.
* ಜನ ಮತ್ತು ಪೀಠೋಪಕರಣಗಳ ಭಾರವೆಂದು ಚದರ ಅಡಿಗೆ 40 ಪೌಂಡ್‌ಗಳನ್ನು (ಪ್ರತಿ ಚದರ ಮೀಟರಿಗೆ ಸುಮಾರು 195 ಕಿ.ಗ್ರಾಂ) ಹೊರುವಂತೆ ವಿನ್ಯಾಸಗೊಳಿಸಬೇಕು.
* ಚಳಿ ಪ್ರದೇಶಗಳಲ್ಲಿ ಕಂಬಗಳ ತಳಪಾಯವು ನೆಲದೊಳಗೆ ಹಿಮಗಟ್ಟುವ ಆಳಕ್ಕಿಂತ ಕೆಳಗೆ ಇರಬೇಕು.

200 ಚದರ ಅಡಿಗಿಂತ ದೊಡ್ಡದಲ್ಲದ, 30 ಅಂಗುಲಕ್ಕಿಂತ ಎತ್ತರವಿಲ್ಲದ, ಮನೆಗೆ ಜೋಡಿಸದ ಮತ್ತು ಮನೆಯ ಕಡ್ಡಾಯ ನಿರ್ಗಮನ ದ್ವಾರಕ್ಕೆ ಸಂಬಂಧಿಸದ ಡೆಕ್‌ಗಳಿಗೆ ಮಾದರಿ ಸಂಹಿತೆಯಲ್ಲಿ ಅನುಮತಿಯ ವಿನಾಯಿತಿ ಇದೆ. ಉಳಿದವುಗಳಿಗೆ ಸ್ಥಳೀಯ ಕಟ್ಟಡ ಇಲಾಖೆಯ ಅನುಮತಿ ಬೇಕು.

## ದುರಂತಗಳು

2003ರ ಜೂನ್ 29ರಂದು ಶಿಕಾಗೊ ನಗರದಲ್ಲಿ, ಕೂಟವೊಂದು ನಡೆಯುತ್ತಿದ್ದಾಗ ವಸತಿ ಕಟ್ಟಡದ ಹಿಂಬದಿಯ ಬಹುಮಹಡಿ ಮರದ ಮೊಗಸಾಲೆ ಕುಸಿದು 13 ಮಂದಿ ಮೃತಪಟ್ಟರು. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಸತಿ ಸಮುಚ್ಚಯದ ಬಾಲ್ಕನಿಯೊಂದು ಮುರಿದು ಆರು ಯುವಜನರು ಸಾವಿಗೀಡಾದರು. ಕಟ್ಟಡಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ; ನೀರು ಇಳಿದು ಬಾಲ್ಕನಿಯನ್ನು ಹೊತ್ತಿದ್ದ ಮರದ ಜಂತೆಗಳು ಕೊಳೆತಿದ್ದವು. ಇದರ ನಂತರ, 2018ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಮೂರು ಅಥವಾ ಅದಕ್ಕಿಂತ ಹೆಚ್ಚು ವಸತಿಗಳಿರುವ ಕಟ್ಟಡಗಳ ಇಂತಹ ಭಾಗಗಳಿಗೆ ನಿಯತಕಾಲಿಕ ತಪಾಸಣೆಯನ್ನು ವಿಧಿಸುವ ಕಾನೂನನ್ನು ತಂದಿತು. ಒಂಟಿ ಮನೆಗಳು ಆ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ನಿರ್ಮಾಣದ ಗುಣಮಟ್ಟ ಮತ್ತು ನಂತರದ ನಿಗಾ ಬಹುಮಟ್ಟಿಗೆ ಮನೆಯೊಡೆಯರ ಹೊಣೆಯಾಗಿಯೇ ಉಳಿದಿದೆ.

## ಪರಿಣತ ಡೆಕ್ ಗುತ್ತಿಗೆದಾರರು

ಪರಿಣತರು ಒಂದೇ ಬಗೆಯ ಕೆಲಸವನ್ನು ಪದೇ ಪದೇ ಮಾಡುವುದರಿಂದ ಲೆಡ್ಜರ್ ಜೋಡಣೆ, ನೀರು ತಡೆಯುವ ತಗಡು, ರೇಲಿಂಗ್ ಕಂಬಗಳ ಬಿಗಿತ, ಮೆಟ್ಟಿಲ ಅಳತೆ ಮುಂತಾದ ವಿವರಗಳಲ್ಲಿ ಅನುಭವ ಹೊಂದಿರುತ್ತಾರೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ತಯಾರಿಸಿದ ಮಿಶ್ರ ಹಲಗೆಗಳು ಬಿಸಿಲಿಗೆ ಹಿಗ್ಗಿ ಕುಗ್ಗುತ್ತವೆ. ಅವುಗಳ ನಡುವಿನ ಬಿರುಕು ಮತ್ತು ಜಂತೆಗಳ ಅಂತರ ತಯಾರಕರ ಸೂಚನೆಯಂತೆ ಇರದಿದ್ದರೆ ಖಾತರಿ ರದ್ದಾಗಬಹುದು. ಇಂತಹ ಸೂಚನೆಗಳ ಪರಿಚಯ ಪರಿಣತರಿಗೆ ಹೆಚ್ಚು.

ಇವರ ಮಿತಿಯೂ ಸ್ಪಷ್ಟವಾಗಿದೆ. ಗೋಡೆಯನ್ನು ಒಡೆದು ಹೊಸ ಬಾಗಿಲು ಕೂರಿಸುವುದು, ವಿದ್ಯುತ್ ತಂತಿ ಎಳೆಯುವುದು, ಅನಿಲ ಕೊಳವೆ ಜೋಡಿಸುವುದು ಅಥವಾ ಡೆಕ್ಕಿಗೆ ಮನೆಯ ಸೂರನ್ನು ವಿಸ್ತರಿಸುವುದು ಇವರ ಪರವಾನಗಿಯ ಹೊರಗಿರಬಹುದು.

## ಸಾಮಾನ್ಯ ನವೀಕರಣ ಗುತ್ತಿಗೆದಾರರು

ಸಾಮಾನ್ಯ ಗುತ್ತಿಗೆದಾರರು ಬಡಗಿ, ವಿದ್ಯುತ್ ಕೆಲಸಗಾರ, ಕೊಳಾಯಿ ಕೆಲಸಗಾರ ಮೊದಲಾದವರನ್ನು ಒಂದೇ ಒಪ್ಪಂದದಡಿ ಹೊಂದಿಸುತ್ತಾರೆ. ಡೆಕ್ಕಿನ ಜೊತೆಗೆ ಅಡುಗೆಮನೆಯೂ ಬದಲಾಗುವಲ್ಲಿ, ಅಥವಾ ಹಳೆಯ ಡೆಕ್ ತೆಗೆದಾಗ ಗೋಡೆಯೊಳಗೆ ಕೊಳೆತ ಮರ ಕಂಡುಬಂದಲ್ಲಿ, ಇಡೀ ಹೊಣೆ ಒಬ್ಬರ ಮೇಲಿರುವುದು ಅನುಕೂಲಕರ.

ಇವರಲ್ಲಿ ಹಲವರು ಡೆಕ್ ಕೆಲಸವನ್ನು ಉಪಗುತ್ತಿಗೆಗೆ ಕೊಡುತ್ತಾರೆ. ಆಗ ಮೇಲ್ವಿಚಾರಣೆಯ ವೆಚ್ಚ ದರಕ್ಕೆ ಸೇರುತ್ತದೆ. ಉಪಗುತ್ತಿಗೆದಾರ ನುರಿತ ಪರಿಣತನಾಗಿರಬಹುದು, ಆಗಿರದೆಯೂ ಇರಬಹುದು. ಮುಖ್ಯ ಗುತ್ತಿಗೆದಾರ ಹಣ ಪಾವತಿಸದಿದ್ದರೆ, ಉಪಗುತ್ತಿಗೆದಾರ ಅಥವಾ ಸಾಮಗ್ರಿ ಪೂರೈಕೆದಾರ ಆ ಬಾಕಿಗಾಗಿ ಮನೆಯ ಆಸ್ತಿಯ ಮೇಲೆ ಹಕ್ಕು ದಾಖಲಿಸಲು ರಾಜ್ಯಗಳ ಕಾನೂನುಗಳಲ್ಲಿ ಅವಕಾಶವಿದೆ. ಮನೆಯೊಡೆಯರು ಪೂರ್ಣ ಹಣ ಕೊಟ್ಟಿದ್ದರೂ ಈ ತೊಡಕು ಎದುರಾಗಬಹುದಾದ್ದರಿಂದ, ಪ್ರತಿ ಕಂತಿನೊಂದಿಗೆ ಅವರಿಂದ ಹಕ್ಕು ಬಿಟ್ಟುಕೊಟ್ಟ ಪತ್ರ ಪಡೆಯುವ ಪದ್ಧತಿ ಇದೆ.

## ಪರವಾನಗಿ ಮತ್ತು ಒಪ್ಪಂದ

ಪರವಾನಗಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಮಂಡಳಿಯು ಸಾಮಾನ್ಯ ಕಟ್ಟಡ ಗುತ್ತಿಗೆದಾರರಿಗೂ ಬಡಗಿ ಕೆಲಸದಂತಹ ವಿಶೇಷ ವೃತ್ತಿಗಳಿಗೂ ಬೇರೆ ಬೇರೆ ವರ್ಗದ ಪರವಾನಗಿ ನೀಡುತ್ತದೆ. ಟೆಕ್ಸಾಸ್‌ನಲ್ಲಿ ಸಾಮಾನ್ಯ ಗುತ್ತಿಗೆದಾರರಿಗೆ ರಾಜ್ಯಮಟ್ಟದ ಪರವಾನಗಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ನವೀಕರಣದ ಮುಂಗಡವು ಸಾಮಾನ್ಯವಾಗಿ ಒಪ್ಪಂದದ ಮೊತ್ತದ ಶೇಕಡ 10 ಅಥವಾ 1,000 ಡಾಲರ್, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ.

ಎರಡೂ ಬಗೆಯ ಗುತ್ತಿಗೆದಾರರ ವಿಷಯದಲ್ಲಿ ಒಪ್ಪಂದಕ್ಕೆ ಮೊದಲು ಪರಿಶೀಲಿಸುವ ಅಂಶಗಳು ಒಂದೇ: ಪರವಾನಗಿ, ಹೊಣೆಗಾರಿಕೆ ವಿಮೆ, ಕಾರ್ಮಿಕರ ಪರಿಹಾರ ವಿಮೆ, ಹಿಂದೆ ಕಟ್ಟಿದ ಡೆಕ್‌ಗಳು, ಲೆಡ್ಜರ್ ಮತ್ತು ತಳಪಾಯದ ವಿವರವಿರುವ ನಕ್ಷೆ, ಹಾಗೂ ಕೆಲಸವನ್ನು ಮಾಡುವವರ ಹೆಸರು. ಮನೆಯೊಡೆಯರು ತಮ್ಮ ಹೆಸರಿನಲ್ಲಿಯೇ ಅನುಮತಿ ಪಡೆಯಬೇಕೆಂದು ಗುತ್ತಿಗೆದಾರ ಒತ್ತಾಯಿಸುವುದನ್ನು ಎಚ್ಚರಿಕೆಯ ಸೂಚನೆಯೆಂದು ಪರಿಗಣಿಸಲಾಗುತ್ತದೆ. ಏಕೆಂದರೆ ಆಗ ನಿಯಮಪಾಲನೆಯ ಹೊಣೆ ಮನೆಯೊಡೆಯರಿಗೆ ವರ್ಗವಾಗುತ್ತದೆ.

## ತಪಾಸಣೆ

ಅನುಮತಿ ಪಡೆದ ಕೆಲಸವನ್ನು ಕಟ್ಟಡ ಇಲಾಖೆಯ ತಪಾಸಕರು ಹಂತಹಂತವಾಗಿ ನೋಡುತ್ತಾರೆ. ಅನೇಕ ಊರುಗಳಲ್ಲಿ ಕಾಂಕ್ರೀಟ್ ಸುರಿಯುವ ಮೊದಲು ತಳಪಾಯದ ಗುಂಡಿಗಳು, ಹಲಗೆ ಹೊದಿಸುವ ಮೊದಲು ಲೆಡ್ಜರ್ ಮತ್ತು ಜಂತೆಗಳು, ಕೊನೆಗೆ ರೇಲಿಂಗ್ ಮತ್ತು ಮೆಟ್ಟಿಲುಗಳು ತಪಾಸಣೆಗೆ ಒಳಪಡುತ್ತವೆ. ಮುಚ್ಚಿಹೋಗುವ ಭಾಗಗಳನ್ನು ಮೂರನೆಯವರೊಬ್ಬರು ಕಾಣುವ ಅವಕಾಶ ಇದೊಂದೇ ಆಗಿರುವುದರಿಂದ, ಕೊನೆಯ ಕಂತನ್ನು ಅಂತಿಮ ತಪಾಸಣೆಯ ನಂತರವೇ ಪಾವತಿಸುವಂತೆ ಒಪ್ಪಂದದಲ್ಲಿ ನಮೂದಿಸುವುದು ಸೂಕ್ತ.