ಹಾಲಿನ ಪ್ಯಾಕೆಟ್ ಯಂತ್ರಕ್ಕೆ ಸರ್ವೊ ಮೋಟಾರ್

ಹಾಲಿನ ಪ್ಯಾಕೆಟ್ ಯಂತ್ರ ಸುರುಳಿಯಿಂದ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಕೊಳವೆಯಂತೆ ಮಡಿಸುತ್ತದೆ, ಉದ್ದಕ್ಕೆ ಅಂಚನ್ನು ಕಾಯಿಸಿ ಬೆಸೆಯುತ್ತದೆ, ಅಳತೆಯ ಹಾಲು ಬಿಡುತ್ತದೆ, ಅಡ್ಡಕ್ಕೆ ಬೆಸೆದು ಕತ್ತರಿಸುತ್ತದೆ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಲ್ಲಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಾಗಲಿ ರೈತರು ಡೇರಿಗೆ ಹಾಕುವ ಹಾಲು ಶಿಮುಲ್ ಹಾಲು ಒಕ್ಕೂಟದ ಮೂಲಕ ನಂದಿನಿ ಪ್ಯಾಕೆಟ್ ಸೇರುವುದು ಇಂಥ ಯಂತ್ರಗಳಿಂದಲೇ.

ಹಳೆಯ ಮಾದರಿಯಲ್ಲಿ ಒಂದೇ ದೊಡ್ಡ ಮೋಟಾರ್ ಇರುತ್ತದೆ. ಅದು ತಿರುಗಿಸುವ ಶಾಫ್ಟಿನಿಂದ ಗೇರು, ಚೈನು, ಕ್ಯಾಮುಗಳ ಮೂಲಕ ಪ್ರತಿ ಭಾಗಕ್ಕೂ ಚಲನೆ ಹೋಗುತ್ತದೆ. ಯಾವ ಕೆಲಸ ಯಾವಾಗ ಆಗಬೇಕೆಂಬುದನ್ನು ಕ್ಯಾಮಿನ ಆಕಾರವೇ ನಿರ್ಧರಿಸುತ್ತದೆ. ಅರ್ಧ ಲೀಟರಿನಿಂದ ಒಂದು ಲೀಟರಿಗೆ ಬದಲಿಸಲು ಯಂತ್ರ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ಹೊಂದಿಸಬೇಕು. ಗೇರು ಸವೆದಂತೆ ಅಳತೆ ತಪ್ಪಿ, ಹಾಳೆ ಪೋಲಾಗುತ್ತದೆ.

ಸರ್ವೊ ಪದ್ಧತಿಯಲ್ಲಿ ಹಾಳೆ ಎಳೆಯಲು ಒಂದು, ಬೆಸೆಯುವ ದವಡೆಗೆ ಇನ್ನೊಂದು, ಹೀಗೆ ಕೆಲಸಕ್ಕೊಂದು ಮೋಟಾರ್. ಪ್ರತಿಯೊಂದರ ಒಳಗಿರುವ ಎನ್‌ಕೋಡರ್ ಅದು ಎಷ್ಟು ತಿರುಗಿತೆಂದು ಕ್ಷಣಕ್ಷಣವೂ ಅಳೆಯುತ್ತದೆ. ತಿರುಗಬೇಕಾದಷ್ಟಕ್ಕೂ ಅದಕ್ಕೂ ವ್ಯತ್ಯಾಸ ಕಂಡರೆ, ಮೋಟಾರನ್ನು ನಡೆಸುವ ಡ್ರೈವ್ ಕೂಡಲೇ ಸರಿಪಡಿಸುತ್ತದೆ. ಸಂಯೋಜಿತ ಸರ್ವೊದಲ್ಲಿ ಈ ಡ್ರೈವ್ ಕೂಡ ಮೋಟಾರಿನ ಕವಚದೊಳಗೇ ಇರುತ್ತದೆ. ಹೀಗಾಗಿ ವೈರಿಂಗ್ ಕಡಿಮೆಯಾಗಿ, ಕಂಟ್ರೋಲ್ ಪ್ಯಾನೆಲ್ ಚಿಕ್ಕದಾಗುತ್ತದೆ. ದಿನವೂ ನೀರು ಹಾಕಿ ತೊಳೆಯುವ ಡೇರಿಯಲ್ಲಿ ಕವಚಕ್ಕೆ ನೀರು ನುಗ್ಗದಂಥ ರಕ್ಷಣೆ ಕಡ್ಡಾಯವಾಗಿ ಬೇಕು.

ಎಲ್ಲ ಮೋಟಾರುಗಳನ್ನೂ ತಾಳ ತಪ್ಪದಂತೆ ನಡೆಸುವುದು ಕೇಂದ್ರ ನಿಯಂತ್ರಕ. ಮೊದಲು ಕಬ್ಬಿಣದ ಶಾಫ್ಟ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪ್ರೋಗ್ರಾಂ ಮಾಡುತ್ತದೆ. ಹಾಳೆಯ ಅಂಚಿನಲ್ಲಿ ಮುದ್ರಿಸಿದ ಕಪ್ಪು ಗುರುತನ್ನು ಸೆನ್ಸರ್ ಓದುತ್ತದೆ. ಗುರುತು ಒಂದೆರಡು ಮಿಲಿಮೀಟರ್ ತಡವಾಗಿ ಬಂದರೆ ಮುಂದಿನ ಎಳೆತ ಅಷ್ಟೇ ಹೊಂದಿಕೊಳ್ಳುತ್ತದೆ. ಹಾಗಾಗಿ ಕತ್ತರಿ ಅಕ್ಷರಗಳ ನಡುವೆ ಬೀಳುವುದಿಲ್ಲ. ಎಳೆತದ ಉದ್ದ, ವೇಗಗಳನ್ನು ಅಳತೆವಾರು ಉಳಿಸಿಟ್ಟರೆ ಆಪರೇಟರ್ ಪರದೆ ಮುಟ್ಟಿ ಆರಿಸಿಕೊಳ್ಳಬಹುದು. ದವಡೆಗೆ ಏನಾದರೂ ಸಿಕ್ಕಿಕೊಂಡರೆ ಮೋಟಾರಿನ ಮೇಲಿನ ಒತ್ತಡ ಏರಿದ್ದನ್ನು ಗುರುತಿಸಿ ಯಂತ್ರ ನಿಲ್ಲುವಂತೆಯೂ ಮಾಡಬಹುದು.

ಮೇಲ್ದರ್ಜೆಗೇರಿಸಲು ಇಡೀ ಯಂತ್ರ ಬದಲಿಸಬೇಕೆಂದಿಲ್ಲ. ಚೌಕಟ್ಟು, ಹಾಲಿನ ಕೊಳವೆ, ದವಡೆ ಗಟ್ಟಿಯಾಗಿದ್ದರೆ ಶಾಫ್ಟ್, ಚೈನುಗಳನ್ನಷ್ಟೇ ತೆಗೆದು ಮೋಟಾರ್ ಕೂರಿಸಬಹುದು. ಆದರೆ ಹಾಲಿನ ಅಳತೆಯ ವಾಲ್ವ್ ಸರಿಯಿಲ್ಲದಿದ್ದರೆ ಸರ್ವೊದಿಂದ ಅದು ನೆಟ್ಟಗಾಗದು. ಪ್ಯಾಕೆಟ್ ಮೇಲೆ ನಮೂದಿಸಿದ ಪ್ರಮಾಣ ಒಳಗಿರಬೇಕೆಂಬುದು 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆಯ ಬೇಡಿಕೆ. ಆದ್ದರಿಂದ ವಾಲ್ವ್ ದುರಸ್ತಿ ಮೊದಲು ಆಗಬೇಕು.

ಖರ್ಚು ಮೋಟಾರಿಗೇ ಮುಗಿಯುವುದಿಲ್ಲ. ಸಂಯೋಜಿತ ಮೋಟಾರಿನ ಡ್ರೈವ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಬೇಕಾಗುತ್ತದೆ. ಒಂದು ಬಿಡಿ ಮೋಟಾರ್, ಪ್ರೋಗ್ರಾಂನ ಸುರಕ್ಷಿತ ಪ್ರತಿ, ದೋಷಸೂಚನೆ ಓದಬಲ್ಲ ತರಬೇತಿ ಪಡೆದ ಮೆಕ್ಯಾನಿಕ್ ಇದ್ದರಷ್ಟೇ ಹಾಕಿದ ಹಣ ಸಾರ್ಥಕ.